ಪೋಲೆಂಡಿನ ಗೆರೆಗಳು, ಬೆಳ್ಳಿಗುಡ್ಡದ ಸಂಕ

ಹೋದ ಕಾಫಿ ಕೊಯ್ಲಿಗೆ ಮುಂಚೆ ಯಾರಾದರೂ ಪೋಲೆಂಡ್ ಎಲ್ಲಿದೆ ಅಂತ ಕೇಳಿದ್ದರೆ, ಯುರೋಪಿನಲ್ಲಿ ಎಲ್ಲೋ ಚಳಿ ಜಾಸ್ತಿ ಇರುವ ಕಡೆ ಅಂತ ಕೈ ಬೀಸಿಬಿಡುತ್ತಿದ್ದೆ. ಈಗ ಆ ದೇಶವನ್ನು ಯಾವಾಗ ಎಷ್ಟು ಭಾಗ ಮಾಡಿದರು, ಯಾವುದನ್ನು ರದ್ದು ಮಾಡಿ ಮತ್ತೆ ಯಾಕೆ ವಾಪಸ್ ತಂದರು ಅನ್ನುವುದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಜ್ಞಾನ ಬೇಕು ಅಂತ ಕಲಿತದ್ದಲ್ಲ. ಬೆಳ್ಳಿಗುಡ್ಡದ ಜನ ನನ್ನ ಬಾಯಿಂದಾಗಿ ತಮ್ಮ ಪಂಚಾಯ್ತಿ ಕಳೆದುಕೊಳ್ಳುತ್ತಾರೆ ಅನ್ನುವ ಹೆದರಿಕೆಯಲ್ಲಿ ಕಲಿತದ್ದು.

ಕೆಲಸ ಸಿಕ್ಕಿದ್ದು ಹೀಗೆ. ಪೋಲೆಂಡಿನ ಒಬ್ಬ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು, ಅಲ್ಲಿನ ಸ್ಥಳೀಯ ಆಡಳಿತದ ಕಚೇರಿಯಲ್ಲಿ ವರ್ಷಗಟ್ಟಲೆ ಗುಮಾಸ್ತೆಯಾಗಿದ್ದು ಆಮೇಲೆ ಅದರ ಬಗ್ಗೆಯೇ ಅಧ್ಯಯನಕ್ಕೆ ಇಳಿದವರು, ನಮ್ಮ ಕಡೆ ಗ್ರಾಮಸಭೆ ಹೇಗೆ ನಡೆಯುತ್ತದೆ ಅಂತ ನೋಡಲು ಬಂದಿದ್ದರು. ಅವರಿಗೆ ಇಂಗ್ಲಿಷ್ ಬರುತ್ತದೆ, ಕನ್ನಡ ಬರುವುದಿಲ್ಲ. ಗುಡ್ಡದವರದು ಅದರ ಉಲ್ಟಾ. ನಡುವೆ ಒಂದು ಬಾಯಿ ಬೇಕಿತ್ತು. ನನ್ನ ಬಾಯಿ ಎಂಥದ್ದು ಅಂತ ಈ ಪೇಜ್ ಓದುವ ನಿಮಗೆಲ್ಲ ಗೊತ್ತಲ್ಲ. ಪರಿಚಯದ ಕಾಲೇಜು ಮೇಷ್ಟ್ರೊಬ್ಬರು ಅದನ್ನೇ ಶಿಫಾರಸು ಮಾಡಿದರು. ಷರತ್ತು ಒಂದೇ: "ಅವರು ಹೇಳಿದ್ದನ್ನ ಹೇಳು, ಇವರು ಹೇಳಿದ್ದನ್ನ ಹೇಳು. ನಿನ್ನ ಒಗ್ಗರಣೆ ಬೇಡ."

ಬೆಳ್ಳಿಗುಡ್ಡ ಅನ್ನುವುದು ನಾನಿಟ್ಟ ಹೆಸರು. ನಿಜವಾದ ಹೆಸರು ಬರೆದರೆ ಅಲ್ಲಿಯವರೇ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ತಾಲ್ಲೂಕು ಆಲೂರು. ಆದರೆ ಬಸ್ಸು, ಆಸ್ಪತ್ರೆ, ಕಾಫಿ ಮಾರುವುದು ಎಲ್ಲ ಸಕಲೇಶಪುರದ ಕಡೆ. ಸಣ್ಣ ಸಣ್ಣ ಹಿಡುವಳಿಯವರ ಮನೆಗಳು, ಪಕ್ಕದಲ್ಲೊಂದು ದೊಡ್ಡ ಎಸ್ಟೇಟ್, ಅದರ ಕೆಲಸದವರ ಲೈನ್ ಮನೆಗಳು. ಊರಿಗೆ ಹೋಗುವ ದಾರಿಯಲ್ಲಿ ಜೀಪೇ ಆಗಬೇಕು.

ಜೀಪ್ ಗುಡ್ಡ ಹತ್ತುತ್ತಿದ್ದಾಗಲೇ ಪೋಲೆಂಡಿನ ಮೇಡಂ ನನಗೆ ಪಾಠ ಶುರು ಮಾಡಿದರು. ಅವರಲ್ಲಿ ಕೆಳಗಿನದು ಗ್ಮೀನಾ. ಅದರ ಮೇಲೆ ಪೊವ್ಯಾತ್. ಎಲ್ಲದರ ಮೇಲೆ ವೊಯೆವುದ್ಸ್‌ತ್ವೊ.

"ಅಷ್ಟೇ ತಾನೆ? ಪಂಚಾಯ್ತಿ, ತಾಲ್ಲೂಕು, ಜಿಲ್ಲೆ" ಅಂದೆ.

ಅವರು ಒಪ್ಪಲಿಲ್ಲ. ಗ್ಮೀನಾ ನಮ್ಮ ಪಂಚಾಯ್ತಿಗಿಂತ ದೊಡ್ಡದು, ಸಣ್ಣ ಪಟ್ಟಣವೂ ಅದರೊಳಗೆ ಇರಬಹುದು. ಪೊವ್ಯಾತ್‌ಗೆ ಜನ ಆರಿಸಿದ ಸಭೆ ಇದೆ, ಅದರ ಮುಖ್ಯಸ್ಥನನ್ನು ಆ ಸಭೆಯೇ ಆರಿಸುತ್ತದೆ, ನಮ್ಮ ತಹಶೀಲ್ದಾರರ ಹಾಗೆ ಮೇಲಿನಿಂದ ಬರುವುದಿಲ್ಲ. ಗ್ಮೀನಾ ಒಳಗಿನ ಒಂದೊಂದು ಹಳ್ಳಿಯೂ ಸಭೆ ಸೇರಿ ತನ್ನ ಮುಖ್ಯಸ್ಥನನ್ನು ಆರಿಸಿಕೊಳ್ಳುತ್ತದೆ, ಅವನಿಗೆ ಸೊವ್ತಿಸ್ ಅನ್ನುತ್ತಾರೆ. ನಾನು ಎಲ್ಲದಕ್ಕೂ ತಲೆ ಆಡಿಸಿದೆ.

ಜೀಪಿನವನು ಬೆಳ್ಳಿಗುಡ್ಡದವನೇ, ಕನ್ನಡಿಯಲ್ಲಿ ನೋಡಿ ನಕ್ಕ. "ಅಕ್ಕಾ, ಆ ಹೆಸ್ರು ಹೇಳ್ಬೇಕು ಅಂದ್ರೆ ನಾಲ್ಗೆಗೂ ಫೋರ್ ವೀಲ್ ಹಾಕ್ಬೇಕು. ತಾಲ್ಲೂಕು ಅಂದ್ಬುಡು, ಎಲ್ರಿಗೂ ತಿಳೀತದೆ."

ಸರಿ ಅನ್ನಿಸಿತು. ಅಲ್ಲೇ ಎಡವಿದ್ದು.

ಸಭೆ ಇದ್ದದ್ದು ಶಾಲೆ ಜಗಲಿಯಲ್ಲಿ. ಪಂಚಾಯ್ತಿಯ ಪಿಡಿಒ ಒಂದು ಕುರ್ಚಿಯಲ್ಲಿ, ಮೇಡಂ ಒಂದರಲ್ಲಿ. ಆ ಊರಿಂದ ಆರಿಸಿಹೋದ ಪಂಚಾಯ್ತಿ ಸದಸ್ಯೆಗೆ ಎಲ್ಲರೂ ಮೆಂಬರಕ್ಕ ಅನ್ನುತ್ತಾರೆ. ಆಕೆ ಕುರ್ಚಿ ಬೇಡ ಅಂತ ಕಂಬಕ್ಕೆ ಒರಗಿ ನಿಂತಿದ್ದಳು. ಕೊಯ್ಲಿನ ಸಮಯ, ಕೈ ಬೆರಳೆಲ್ಲ ಕಪ್ಪು. ಏನು ತೊಂದರೆ ಅಂತ ಮೇಡಂ ಕೇಳಿದ್ದನ್ನು ನಾನು ಕೇಳಿದೆ.

"ನಮ್ ಪಂಚಾಯ್ತಿ ಆಪೀಸು ಇಲ್ಲಿಂದ ಕೆಳಗಿಳಿದ್ರೆ ಸಿಕ್ತೈತೆ. ಈಗ ಪಂಚಾಯ್ತಿಗಳ್ನ ಹೊಸ್ದಾಗಿ ಸೇರ್ಸಿ ಬಿಡ್ಸಿ ಮಾಡ್ತಾವ್ರೆ. ನಮ್ಮೂರ್ನ ಹಳ್ಳದಾಚೆ ಪಂಚಾಯ್ತಿಗೆ ಹಾಕವ್ರೆ. ಯಾಕ್ರಪ್ಪ ಅಂದ್ರೆ ಮ್ಯಾಪಲ್ಲಿ ಅದೇ ಹತ್ರ ಅಂತೆ. ಹೌದು, ಕಾಗೆಗೆ ಹತ್ರ. ನಾವೇನು ಕಾಗೆನಾ?"

ಜನ ನಕ್ಕರು. ಆಕೆ ನಗಲಿಲ್ಲ.

"ಮಳೆ ಹಿಡೀತು ಅಂದ್ರೆ ಆ ಹಳ್ಳ ದಾಟಂಗಿಲ್ಲ. ಒಂದು ಸಂಕ ಐತೆ, ಎರಡು ಮರದ ದಿಮ್ಮಿ. ಮಳೆಗಾಲದಲ್ಲಿ ನೀರು ಹೊತ್ಕಂಡು ಹೋಗ್ಬುಡ್ತದೆ ಅಂತ ನಾವೇ ಬಿಚ್ಚಿ ಎತ್ತಿಕ್ಬುಡ್ತೀವಿ, ದೀಪಾವಳಿ ಕಳೆದ ಮ್ಯಾಲೆ ಮತ್ತೆ ಹಾಕದು. ಅಲ್ಲೀವರ್ಗೂ ಪಿಂಚಣಿ ನಿಂತೋಯ್ತು ಅಂದ್ರೂ, ನಲ್ಲೀಲಿ ನೀರಿಲ್ಲ ಅಂದ್ರೂ, ಸಕಲೇಶಪುರಕ್ಕೆ ಇಳ್ದು ಸುತ್ತಾಕ್ಕಂಡು ಎರಡು ಬಸ್ ಹತ್ತಿ ಹೋಗ್ಬೇಕು. ಲೈನಲ್ಲಿರೋ ಮುದುಕೀರು ಹೋಗ್ತಾರಾ?"

"ಇದಿನ್ನೂ ಕರಡು ಕಣಮ್ಮ" ಅಂದರು ಪಿಡಿಒ. ಹುಡುಗ ವಯಸ್ಸು, ಕೆಟ್ಟವರಲ್ಲ, ಎಲ್ಲದಕ್ಕೂ ಹೆದರುವವರು. "ತಕರಾರು ಬರವಣಿಗೆಲಿ ಕೊಡಿ. ವಿಚಾರಣೆ ಮಾಡೋರು ಮೇಲಿನ ಸಾಹೇಬ್ರು. ಅವ್ರು ಒಪ್ಪಿದ್ರೆ ಉಳೀತದೆ."

ಗೆರೆ ಎಳೆಯುವ ಮುಂಚೆ ನಿಮ್ಮನ್ನು ಯಾರಾದರೂ ಕೇಳಿದರಾ ಅಂತ ಮೇಡಂ ವಿಚಾರಿಸಿದರು. ಅವರಲ್ಲಿ ಗ್ಮೀನಾದ ಗಡಿ ಬದಲಿಸಬೇಕಾದರೆ ಮೊದಲು ನಿವಾಸಿಗಳ ಅಭಿಪ್ರಾಯ ಕೇಳಲೇಬೇಕಂತೆ.

"ಕೇಳಿದ ಮ್ಯಾಲೆ ಅದ್ರಂಗೇ ಮಾಡ್ತಾರಾ?" ಮೆಂಬರಕ್ಕ ತಿರುಗಿ ಕೇಳಿದಳು.

ಮೇಡಂ ನಕ್ಕುಬಿಟ್ಟರು. "ಕೇಳಬೇಕು ಅಂತ ಮಾತ್ರ ಕಾನೂನಿದೆ" ಅಂದರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಇಷ್ಟ ಆಗಿದ್ದು ಆ ಕ್ಷಣವೇ ಇರಬೇಕು.

ಬರೀ ಪ್ರಶ್ನೆ ಕೇಳಿ ಎದ್ದುಹೋಗುವುದು ಸರಿಯಲ್ಲ, ತನ್ನ ದೇಶದ್ದೂ ಹೇಳಬೇಕು ಅನ್ನುವುದು ಮೇಡಂ ನಿಯಮ. ಹೇಳಲು ಶುರು ಮಾಡಿದರು. ನಾನು ಕನ್ನಡಕ್ಕೆ ಹಾಕುತ್ತಾ ಹೋದೆ. "ಎಪ್ಪತ್ತೈದನೇ ಇಸ್ವಿಲಿ ಸರ್ಕಾರ ತಾಲ್ಲೂಕುಗಳನ್ನೆಲ್ಲ ಒಂದೇ ಸಲಕ್ಕೆ ರದ್ದು ಮಾಡ್ಬುಡ್ತಂತೆ. ಹದಿನೇಳು ಜಿಲ್ಲೆ ಇದ್ದದ್ದನ್ನ ಒಡ್ದು ನಲವತ್ತೊಂಬತ್ತು ಮಾಡಿದ್ರಂತೆ." ಜನ ಹೋ ಅಂದರು. ನಾನೂ ಸ್ವಲ್ಪ ದನಿ ಏರಿಸಿದ್ದೆ. ಕಥೆ ಹೇಳುವವಳಿಗೆ ಹೋ ಅನ್ನುವ ಜನ ಸಿಕ್ಕರೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಅಷ್ಟರಲ್ಲಿ ಎಸ್ಟೇಟಿನ ತೂಕದ ಗಂಟೆ ಬಾರಿಸಿತು. ಹಣ್ಣು ತೂಕಕ್ಕೆ ಇಡಬೇಕಾದವರು ಎದ್ದು ಓಡಿದರು. ಸಭೆ ಅರ್ಧಕ್ಕೆ ಮುರಿಯಿತು. ರದ್ದಾದದ್ದು ಮತ್ತೆ ಬಂತು ಅನ್ನುವ ಭಾಗವನ್ನು ಹೇಳುವುದು ಉಳಿದೇಹೋಯಿತು.

ಸಂಜೆ ಮನೆಗೆ ಬಂದು ಕಾಲು ಚಾಚುವಷ್ಟರಲ್ಲಿ ಫೋನ್ ಬಡಿದುಕೊಳ್ಳಲು ಶುರುವಾಯಿತು. ಯಾರೋ ಪುಣ್ಯಾತ್ಮ ನನ್ನ ಮಾತನ್ನು ವಿಡಿಯೊ ಮಾಡಿ, "ತಾಲ್ಲೂಕುಗಳನ್ನೆಲ್ಲ ಒಂದೇ ಸಲಕ್ಕೆ ರದ್ದು" ಅನ್ನುವಷ್ಟನ್ನೇ ಕತ್ತರಿಸಿ, ಹಿಂದೆ ಅಳುವ ಸಂಗೀತ ಹಾಕಿ, ಮೇಲೆ "ಆಲೂರು ತಾಲ್ಲೂಕು ಇನ್ನಿಲ್ಲ" ಅಂತ ಬರೆದು ಬಿಟ್ಟಿದ್ದ. ನನ್ನ ಮುಖದ ಪಕ್ಕದಲ್ಲಿ ಪಿಡಿಒ ಮುಖ. ನೋಡಿದವರು ಸರ್ಕಾರಿ ಪ್ರಕಟಣೆ ಅಂದುಕೊಂಡರೆ ಅವರ ತಪ್ಪೇನಿಲ್ಲ.

"ಅಕ್ಕಾ, ನಮ್ ಜಮೀನಿನ ಪಾಣಿ ಇನ್ಮ್ಯಾಲೆ ಹಾಸನದಲ್ಲಾ, ಸಕಲೇಶಪುರದಲ್ಲಾ?" ಅಂತ ಒಬ್ಬ. "ಸ್ಟಾಂಪ್ ಪೇಪರ್ ತಂದು ಇಟ್ಟಿವ್ನಿ, ಏನ್ ಮಾಡ್ಲಿ?" ಅಂತ ಇನ್ನೊಬ್ಬ. "ಅದು ಪೋಲೆಂಡ್ ಕಣಪ್ಪ" ಅಂದರೆ, "ಆಯ್ತು, ಪೋಲೆಂಡಿಗೆ ಹೋಗೋ ಬಸ್ ಎಲ್ಲಿ ನಿಲ್ತದೆ?" ಅಂತ ಮೂರನೆಯವನ ಕುಚೋದ್ಯ. ಅದು ಪೋಲೆಂಡಿನ ವಿಷಯ ಅಂತ ನಾನೇ ಒಂದು ಸ್ಪಷ್ಟನೆ ಬರೆದು ಹಾಕಿದೆ. ಸುಳ್ಳು ಓಡಿದಷ್ಟು ದೂರ ಸ್ಪಷ್ಟನೆ ನಡೆಯಲೂ ಇಲ್ಲ.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು. ಆದರೆ ಮಾರನೆಯ ದಿನ ಪಿಡಿಒ ನನಗೆ ಫೋನ್ ಮಾಡಿದರು.

"ಮೇಡಂ, ಸಾಹೇಬ್ರು ನನ್ನ ಕರೆಸಿ ಉಗಿದ್ರು. ಬೆಳ್ಳಿಗುಡ್ಡದೋರು ಗಾಳಿಸುದ್ದಿ ಹಬ್ಬಿಸಿ ಒತ್ತಡ ತರ್ತಾವ್ರೆ ಅಂದ್ಕಂಡವ್ರೆ. ತಾಲ್ಲೂಕೇ ಹೋಯ್ತು ಅನ್ನೋ ಜನ, ಹಳ್ಳ ದಾಟಕ್ಕಾಗಲ್ಲ ಅಂದ್ರೆ ಯಾರು ನಂಬ್ತಾರೆ ಅಂತ ಕೇಳಿದ್ರು. ನಾನೇನ್ ಹೇಳ್ಲಿ?"

ಫೋನ್ ಇಟ್ಟಮೇಲೆ ಕೂರಲು ಆಗಲಿಲ್ಲ. ಒಲೆ ಮೇಲಿನ ಹಾಲು ಉಕ್ಕಿ ಹೋಯಿತು, ಒರೆಸಲಿಲ್ಲ. ನಾನು ಅವರ ದೂರನ್ನು ಮೇಡಂಗೆ ಹೇಳಲು ಹೋದವಳು. ನನ್ನ ಒಂದು ಪದದಿಂದ ಆ ದೂರಿಗೇ ಬೆಲೆ ಇಲ್ಲದ ಹಾಗಾಗಿತ್ತು. ಮೇಡಂ ಇಳಿದುಕೊಂಡಿದ್ದ ಕಡೆ ಹೋಗಿ ಅವರನ್ನು ಕರೆದುಕೊಂಡು ಮತ್ತೆ ಜೀಪ್ ಹತ್ತಿದೆ. ದಾರಿಯುದ್ದಕ್ಕೂ ಕೈಬೆರಳು ಸೀಟಿನ ಹರಿದ ರೆಕ್ಸಿನ್ ಕೀಳುತ್ತಲೇ ಇತ್ತು. ಜೀಪಿನವನು ಕೊನೆಗೆ, "ಅಕ್ಕಾ, ಸೀಟ್ ಹೊಸ್ದು ಹಾಕಿಸ್ಕೊಡ್ತೀಯಾ?" ಅಂದ.

ಮೆಂಬರಕ್ಕ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದಳು. ಬೈಯುತ್ತಾಳೆ ಅಂತ ತಯಾರಾಗಿ ಹೋಗಿದ್ದೆ.

"ನೀನು ಹೇಳಿದ್ದು ಸುಳ್ಳಲ್ಲ ಕಣಕ್ಕ. ಅರ್ಧ ಹೇಳ್ದೆ. ಮಿಕ್ಕಿದ್ದೂ ಹೇಳ್ಬುಡು. ಎಲ್ರೂ ವಿಡಿಯೊ ಮಾಡ್ಕಳ್ಳಿ" ಅಂದಳು. ಗಿಡದಿಂದ ಕೈ ತೆಗೆಯಲೇ ಇಲ್ಲ.

ಮೇಡಂ ಅದಕ್ಕೆ ಒಪ್ಪಿದರು. ಆದರೆ ಈ ಸಲ ತಾಲ್ಲೂಕು ಅನ್ನಬೇಡ ಅಂದರು. ಮತ್ತೇನನ್ನಲಿ ಅಂದೆ. "ನಾವು ಏನನ್ನುತ್ತೇವೋ ಅದನ್ನೇ ಅನ್ನು. ಅವರಿಗೆ ಕಣ್ಣಿಗೆ ತೋರಿಸೋಣ."

ಎಸ್ಟೇಟಿನ ಕಣದಲ್ಲಿ ಕಾಫಿ ಒಣಗಲು ಹಾಕಿದ್ದರು. ಎಸ್ಟೇಟಿನ ಲೆಕ್ಕ ನೋಡುವ ರೈಟರ್ ಮಂಗಳೂರು ಕಡೆಯ ಕ್ರಿಶ್ಚಿಯನ್ನರು, ಅವರ ಅಜ್ಜನ ಕಾಲಕ್ಕೇ ಘಟ್ಟ ಹತ್ತಿದ ಮನೆತನ. ಮಾತು ಮಾತ್ರ ಇನ್ನೂ ಪೂರ್ತಿ ಘಟ್ಟ ಹತ್ತಿಲ್ಲ. ಕಣದಲ್ಲಿ ಸಭೆ ಮಾಡಬಹುದಾ ಅಂದಾಗ ಅವರ ಮುಖ ಹುಳ್ಳಗಾಯಿತು.

"ಮಾಡಿ ಮಾರಾಯ್ರೆ, ಆದ್ರೆ ಕಾಫಿ ಮೇಲೆ ಚಪ್ಪಲಿ ಹಾಕಿ ಒಬ್ರು ಬಂದ್ರೂ ನಾನು ಸುಮ್ನಿರುದಿಲ್ಲ. ದೊರೆಗಳಿಗೆ ಎಂತ ಉತ್ತರ ಕೊಡುದು?"

ಸಂಜೆ ತೂಕ ಮುಗಿದ ಮೇಲೆ ಜನ ಕಣದ ಸುತ್ತ ನಿಂತರು. ಮೇಡಂ ಬೂಟು ಕಳಚಿ, ಕಾಫಿ ತಿರುವಿಹಾಕುವ ಹಲಗೆಯ ಹಿಡಿಯನ್ನು ತಿರುಗಿಸಿ ಹಿಡಿದುಕೊಂಡು, ಹರಡಿದ ಬೀಜದ ಮೇಲೆ ಗೆರೆ ಎಳೆದರು. ದೊಡ್ಡ ಚೌಕಗಳು. ಇವು ವೊಯೆವುದ್ಸ್‌ತ್ವೊ. ಒಂದೊಂದರ ಒಳಗೆ ಸಣ್ಣವು, ಪೊವ್ಯಾತ್. ಅದರೊಳಗೆ ಇನ್ನೂ ಸಣ್ಣವು, ಗ್ಮೀನಾ. ನಾನು ಆ ಹೆಸರುಗಳನ್ನು ಅವರು ಹೇಳಿದ ಹಾಗೇ ಹೇಳಿದೆ. ಜನ ಬಾಯಲ್ಲಿ ಆಡಿಸಿ ನೋಡಿ ನಕ್ಕರು. ನಗಲಿ. ಆ ಹೆಸರು ಕೇಳಿ ಆಲೂರಿನ ಸ್ಟಾಂಪ್ ಪೇಪರ್ ಯಾರಿಗೂ ನೆನಪಾಗುವುದಿಲ್ಲ.

ಆಮೇಲೆ ಹಲಗೆಯಲ್ಲಿ ಮಧ್ಯದ ಗೆರೆಗಳನ್ನು ಒಂದೇ ಎಳೆತಕ್ಕೆ ಅಳಿಸಿದರು. ಎಪ್ಪತ್ತೈದು. ಪೊವ್ಯಾತ್ ಹೋಯಿತು. ದೊಡ್ಡ ಚೌಕಗಳನ್ನು ಕೊಚ್ಚಿ ಚಿಕ್ಕದು ಮಾಡಿದರು. ನಲವತ್ತೊಂಬತ್ತು. ಅವರು ಬೆಳೆದ ಪಟ್ಟಣ ಚಿಕ್ಕದು, ಯಾರೂ ಲೆಕ್ಕಕ್ಕೆ ಇಡದ ಊರು. ಆ ಒಡೆತದಲ್ಲಿ ಅದಕ್ಕೂ ಒಂದು ವೊಯೆವುದ್ಸ್‌ತ್ವೊ ಕೇಂದ್ರ ಅನ್ನುವ ಪಟ್ಟ ಸಿಕ್ಕಿತು. ದೊಡ್ಡ ಕಚೇರಿ ಬಂತು, ಬಸ್‌ಸ್ಟ್ಯಾಂಡ್ ಬಂತು, ಜನಕ್ಕೆ ಗತ್ತು ಬಂತು. ತೊಂಬತ್ತೊಂಬತ್ತರಲ್ಲಿ ಮತ್ತೆ ಹಲಗೆ ಎಳೆದರು. ಈ ಸಲ ಹದಿನಾರೇ ದೊಡ್ಡ ಭಾಗ. ಪೊವ್ಯಾತ್ ವಾಪಸ್. ಅವರ ಊರಿನ ಪಟ್ಟ ಹೋಯಿತು, ಪೊವ್ಯಾತ್ ಕಚೇರಿ ಮಾತ್ರ ಉಳಿಯಿತು.

"ಯಾರೂ ಗಲಾಟೆ ಮಾಡ್ನಿಲ್ವಾ?" ಜೀಪಿನವನು ಕೇಳಿದ.

ಮಾಡಿದರಂತೆ. ಒಂದು ಪ್ರದೇಶದ ಜನ ರಸ್ತೆಯುದ್ದಕ್ಕೂ ಮೈಲಿಗಟ್ಟಲೆ ಕೈ ಕೈ ಹಿಡಿದು ನಿಂತರಂತೆ. ಅವರ ವೊಯೆವುದ್ಸ್‌ತ್ವೊ ಉಳಿಯಿತು.

"ಹಂಗಾರೆ ದೋಣಿಗಲ್ ಹತ್ರ ಹೈವೇಲಿ ಕೈ ಹಿಡ್ಕಂಡು ನಿಲ್ಲಾಣ!"

"ನಿಲ್ಲು ಮಾರಾಯ" ಅಂದರು ರೈಟರ್. "ಮಂಗಳೂರು ಬಸ್ಸಿನವ ಬ್ರೇಕೇ ಹಾಕುದಿಲ್ಲ. ನಿನ್ನ ಒಂದು ಕೈ ಇಲ್ಲಿ, ಇನ್ನೊಂದು ಗುಂಡ್ಯದಲ್ಲಿ ಸಿಕ್ತದೆ."

ಗುಂಪಿನ ಹಿಂದೆ ನಿಂತಿದ್ದ ಪಿಡಿಒ ನೀರು ಕೇಳಿ ಕುಡಿದರು. ನಿಮ್ಮ ಊರಿನವರು ಯಾಕೆ ಕೈ ಹಿಡಿದು ನಿಲ್ಲಲಿಲ್ಲ ಅಂತ ಮೆಂಬರಕ್ಕ ಮೇಡಂ ಹತ್ತಿರ ಕೇಳಿದಳು. ಮೇಡಂ ಸ್ವಲ್ಪ ಹೊತ್ತು ಕಾಫಿ ಬೀಜವನ್ನು ಕಾಲ್ಬೆರಳಲ್ಲಿ ಆಡಿಸಿದರು. "ನಮ್ಮವರು ಗತ್ತು ಹೋಗುತ್ತದೆ ಅಂತ ಅತ್ತರು. ಆ ಪಟ್ಟ ಇಲ್ಲದಿದ್ದರೆ ಯಾರಿಗೆ ಏನು ಕಷ್ಟ ಅಂತ ಒಬ್ಬರೂ ಹೇಳಲಿಲ್ಲ. ಕೇಳಿದವರಿಗೆ ಗತ್ತು ಮಾತ್ರ ಕಾಣಿಸಿತು." ನಾನು ಅದನ್ನು ಒಗ್ಗರಣೆ ಇಲ್ಲದೆ ಹೇಳಿದೆ.

ಆ ಸಂಜೆಯ ಇಡೀ ವಿಡಿಯೊ ಕತ್ತರಿಸದೆ ಪೇಜಿಗೆ ಹಾಕಿದೆ. ತಾಲ್ಲೂಕು ಸತ್ತ ವಿಡಿಯೊದಷ್ಟು ಓಡಲಿಲ್ಲ, ಆದರೆ ಓಡಬೇಕಾದ ಒಂದು ಕಡೆಗೆ ಓಡಿತು. ಪಿಡಿಒ ಮತ್ತೆ ಫೋನ್ ಮಾಡಿದರು. ಸಾಹೇಬರು ನೋಡಿದ್ದಾರೆ. ಕಾಫಿ ಮೇಲೆ ಗೆರೆ ಎಳೆದದ್ದು ಅವರಿಗೆ ಹಿಡಿಸಿದೆ. ಕಚೇರಿಯಲ್ಲಿ ಕೂತು ವಿಚಾರಣೆ ಮಾಡುವ ಬದಲು ತಾವೇ ಬಂದು ಹಳ್ಳ ನೋಡುತ್ತಾರಂತೆ. ವಿದೇಶದ ಮೇಡಂ ಇದ್ದರೆ ಅವರನ್ನೂ ಮಾತಾಡಿಸುತ್ತಾರಂತೆ.

ನಾನು ಆವತ್ತು ಚೆನ್ನಾಗಿ ಊಟ ಮಾಡಿದೆ.

ಸಾಹೇಬರು ಬರುವ ದಿನ ನಾವು ಮುಂಚೆಯೇ ಹೋದೆವು. ಊರು ಗುರುತೇ ಸಿಗಲಿಲ್ಲ. ದಾರಿಯ ಲಂಟಾನ ಸವರಿದ್ದರು. ಶಾಲೆ ಮುಂದೆ ನೀರು ಚಿಮುಕಿಸಿದ್ದರು. ಬನ್ನಿ ಬನ್ನಿ ಅಂತ ಜೀಪಿನವನು ನಮ್ಮನ್ನು ಹಳ್ಳದ ಹತ್ತಿರ ಕರೆದುಕೊಂಡು ಹೋದ. ಮುಖದಲ್ಲಿ ಮದುವೆ ಮನೆ ಯಜಮಾನನ ಕಳೆ.

ಎರಡು ದಿಮ್ಮಿಯ ಸಂಕ ಇದ್ದ ಜಾಗದಲ್ಲಿ ಸೇತುವೆ ಇತ್ತು. ಸಿಲ್ವರ್ ಮರದ ನೇರವಾದ ಕಂಬಗಳು, ಮೇಲೆ ಅಡ್ಡ ಹಲಗೆ, ಎರಡೂ ಬದಿಗೆ ಕೈಹಿಡಿ. ಕೆಳಗೆ ಜನವರಿಯ ಹಳ್ಳ, ಮಗು ಆಡುವಷ್ಟು ನೀರು.

"ಏನೋ ಇದು?" ಅಂದೆ.

"ನಿನ್ನೆ ಎಲ್ಲ ಸೇರ್ಕಂಡು ಮಾಡಿದ್ವಿ ಕಣಕ್ಕ. ಮರ ನನ್ ಜೀಪಲ್ಲೇ ಎಳ್ಕಂಬಂದೆ. ಸಾಹೇಬ್ರು ಬೂಟು ಹಾಕ್ಕಂಡು ಬರ್ತಾರೆ, ಆ ಹಳೇ ದಿಮ್ಮಿ ಮ್ಯಾಲೆ ಜಾರಿ ಬಿದ್ರೆ ಊರಿನ ಮಾನ ಏನಾಗ್ತದೆ?"

"ಲೋ, ಹಳ್ಳ ದಾಟಕ್ಕಾಗಲ್ಲ ಅಂತ ಅರ್ಜಿ ಕೊಟ್ಟಿರೋದು ನೀವೇ ಕಣೋ!"

ಅವನು ನನ್ನನ್ನು ನೋಡಿದ. ಸೇತುವೆ ನೋಡಿದ. "ಅರ್ಜಿ ಬ್ಯಾರೆ, ಮರ್ಯಾದೆ ಬ್ಯಾರೆ ಅಲ್ವಾ ಅಕ್ಕ?" ಅಂದವನ ದನಿ ಮಾತು ಮುಗಿಯುವಷ್ಟರಲ್ಲಿ ಸಣ್ಣಗಾಗಿತ್ತು.

ನಮ್ಮ ಕಡೆಯವರನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಮನೆಗೆ ಬಂದವನು ಜಪ್ತಿ ಮಾಡಲು ಬಂದಿದ್ದರೂ ಮೊದಲು ಕಾಫಿ ಕೊಡುವ ಜನ ನಾವು. ಮೇಡಂಗೆ ಹೇಳಿದೆ. ಅವರು ಹಣೆ ಹಿಡಿದುಕೊಂಡು ನಕ್ಕರು. ಅವರ ಗ್ಮೀನಾದಲ್ಲೂ ಮೇಲಿನವರು ಬರುತ್ತಾರೆ ಅಂದರೆ ರಸ್ತೆ ಅಂಚಿನ ಕಲ್ಲಿಗೆಲ್ಲ ಸುಣ್ಣ ಬಳಿಯುತ್ತಿದ್ದರಂತೆ, ಗುಂಡಿಬಿದ್ದ ರಸ್ತೆಯ ಬಗ್ಗೆ ದೂರು ಕೊಟ್ಟ ಹಳ್ಳಿಯಲ್ಲೂ. ನನಗೆ ನಗು ಬರಲಿಲ್ಲ.

ಮೆಂಬರಕ್ಕ ಬಂದಳು. ಕಟ್ಟಿದವರಲ್ಲಿ ಅವಳೂ ಇದ್ದಳು. ಅವಳ ಮುಖ ನೋಡಿದರೆ ಮಾಡಿದ ಎಡವಟ್ಟು ಈಗ ತಾನೇ ಹೊಳೆದದ್ದು ಗೊತ್ತಾಗುತ್ತಿತ್ತು.

"ಕಿತ್ತಾಕ್ಬುಡಾಣ. ಗರಗಸ ಐತೆ" ಅಂದ ಜೀಪಿನವನು.

"ಕಿತ್ತಾಕೋದು ನೋಡ್ಬುಟ್ರೆ? ಬೇಕು ಅಂತ್ಲೇ ಕಿತ್ತವ್ರೆ ಅಂತಾರೆ. ಮೊದ್ಲೇ ಗಾಳಿಸುದ್ದಿ ಊರು ಅನ್ನೋ ಹೆಸ್ರು ಐತೆ" ಅಂದಳು ಮೆಂಬರಕ್ಕ.

"ನಿಜ ಹೇಳ್ಬುಡು" ಅಂದೆ ನಾನು.

"ಏನಂತ? ನಿಮಗೋಸ್ಕರ ಕಟ್ಟಿದ್ವಿ ಸ್ವಾಮಿ, ಇದನ್ನ ನಂಬ್ಬ್ಯಾಡಿ ಅಂತನಾ? ನಮ್ ದಡ್ಡತನ ನಾವೇ ಸಾರ್ಕಳದಾ?" ಅಂದಳು. ಮುಖ ಕೆಂಪಾಗಿತ್ತು. ಮೇಲೆ ರಸ್ತೆಯಲ್ಲಿ ಸರ್ಕಾರಿ ಜೀಪಿನ ಹಾರನ್ ಕೇಳಿತು. ಯಾವುದೂ ತೀರ್ಮಾನ ಆಗಲಿಲ್ಲ.

ಸಾಹೇಬರು ಒಳ್ಳೆ ಮನುಷ್ಯರ ಹಾಗೆ ಕಂಡರು. ಎಲ್ಲರಿಗೂ ಕೈ ಮುಗಿದರು, ಮೇಡಂ ಹತ್ತಿರ ಇಂಗ್ಲಿಷಿನಲ್ಲಿ ಕಾಫಿ ಕಣದ ಬಗ್ಗೆ ಮಾತಾಡಿದರು. ಸೇತುವೆ ಹತ್ತಿ, ಕೈಹಿಡಿ ಮುಟ್ಟಿ, ಆಚೆ ದಡಕ್ಕೆ ನಡೆದುಹೋಗಿ, ಗಡಿಯಾರ ನೋಡಿಕೊಂಡು ವಾಪಸ್ ನಡೆದು ಬಂದರು. ಬೂಟಿಗೆ ಒಂದು ಹನಿ ನೀರು ತಾಗಿರಲಿಲ್ಲ.

"ದಾರಿ ಇಷ್ಟು ಚೆನ್ನಾಗಿದೆಯಲ್ರೀ. ಆ ಪಂಚಾಯ್ತಿ ಕಟ್ಟಡ ಅಲ್ಲೇ ಕಾಣ್ತದೆ" ಅಂದರು.

ಹೊಗಳಿಸಿಕೊಂಡ ನಾಚಿಕೆಗೆ ಒಬ್ಬಿಬ್ಬರು ನಕ್ಕರು. ಮೇಡಂ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದರು, ಈ ಸೇತುವೆ ಯಾವಾಗಿನದು? ಸಾಹೇಬರು ಅದನ್ನು ಪಿಡಿಒ ಕಡೆ ತಿರುಗಿಸಿದರು.

"ಮೊದ್ಲಿಂದಾನೂ ಐತೆ ಸಾರ್" ಅಂದುಬಿಟ್ಟರು ಪಿಡಿಒ. ಮೋಸ ಮಾಡಬೇಕು ಅಂತಲ್ಲ. ಮೇಲಿನವರು ಕೇಳಿದರೆ ಎಲ್ಲವೂ ಮೊದಲಿನಿಂದ ಸರಿಯಾಗಿದೆ ಅನ್ನುವುದು ಅವರ ನಾಲಿಗೆಗೆ ಅಭ್ಯಾಸ.

ಅದನ್ನು ಮೇಡಂಗೆ ಇಂಗ್ಲಿಷಿನಲ್ಲಿ ಹೇಳುವುದು ನನ್ನ ಕೆಲಸ. ಹೇಳಿದೆ. ಅವರು ತಲೆ ಆಡಿಸಿದರು, ಏನೂ ಕೇಳಲಿಲ್ಲ. ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

ಮೆಂಬರಕ್ಕನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಮೇಡಂ ಕೇಳ್ತಾವ್ರೆ. ಮೊದ್ಲಿಂದ ಇದ್ದಿದ್ದಾದ್ರೆ ಮೊಳೆ ಇನ್ನೂ ಯಾಕೆ ಹೊಳೀತಾವೆ ಅಂತೆ. ನಿಮ್ ಬಾಯಿಂದಾನೇ ಕೇಳ್ಬೇಕಂತೆ."

ಮೇಡಂ ಹಾಗೆ ಕೇಳಿರಲೇ ಇಲ್ಲ. ಇಂಗ್ಲಿಷ್ ಬರುವ ಸಾಹೇಬರಿಗೆ ಅದು ಗೊತ್ತು. ಅವರು ಪೆನ್ನು ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. ಮೇಡಂಗೆ ಒಂದು ಪದವೂ ಅರ್ಥವಾಗಿರದಿದ್ದರೂ, ನನ್ನ ಮುಖ ನೋಡಿ, ತಾನೇ ಕೇಳಿದವರ ಹಾಗೆ ಮೆಂಬರಕ್ಕನ ಕಡೆ ಗಂಭೀರವಾಗಿ ತಿರುಗಿ ನಿಂತರು.

ಮೆಂಬರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಿನ್ನೆ ಕಟ್ಟಿದ್ದು ಸಾರ್. ನೀವು ಬರ್ತೀರಿ ಅಂತ. ನಿಮ್ ಬೂಟು ನೆನೀಬಾರ್ದು ಅಂತ. ದಡ್ಡರು ನಾವು, ನಮ್ ಕಾಲು ವರ್ಷ ವರ್ಷಾನೂ ನೆನೀತದಲ್ಲ ಅನ್ನೋದು ಮರ್ತೇ ಹೋಗಿತ್ತು."

ಆಮೇಲೆ ಮಾತು ಒಡೆಯಿತು. ಲೈನಿನ ಹೆಂಗಸೊಬ್ಬಳು ಸಾಹೇಬರನ್ನು ಕರೆದು, ಅವರ ತಲೆಗಿಂತ ಎತ್ತರದಲ್ಲಿ ಮರದ ಕವಲಿಗೆ ಸಿಕ್ಕಿಕೊಂಡಿದ್ದ ಒಣ ಕಸ, ಹರಿದ ಗೊಬ್ಬರದ ಚೀಲ ತೋರಿಸಿದಳು. ಹಳ್ಳ ಹೋದ ಮಳೆಗಾಲದಲ್ಲಿ ಅಲ್ಲೀವರೆಗೆ ಏರಿತ್ತು. ರೈಟರ್ ಮುಂದೆ ಬಂದು, "ಜುಲೈಯಲ್ಲಿ ನಮ್ಮ ಆಳುಗಳನ್ನೂ ಆಚೆ ತೋಟಕ್ಕೆ ಕಳಿಸುದಿಲ್ಲ ಸರ್. ಆ ಬ್ಲಾಕಿನ ಕೆಲಸವೇ ನಿಲ್ಲಿಸುದು" ಅಂದರು. ಪಿಡಿಒ ನೆಲ ನೋಡುತ್ತಿದ್ದರು. ಕೊನೆಗೆ ಅವರೂ, ದಿಮ್ಮಿ ಎತ್ತಿಡುವುದು ತಮಗೂ ಗೊತ್ತು ಅಂತ ಮೆಲ್ಲಗೆ ಹೇಳಿದರು.

ಸಾಹೇಬರು ಎಲ್ಲ ಕೇಳಿಸಿಕೊಂಡರು. ಆಮೇಲೆ ಮೆಂಬರಕ್ಕನಿಗೆ ಒಂದು ಪ್ರಶ್ನೆ ಹಾಕಿದರು. ಯಾರೂ ಅದನ್ನು ಎಣಿಸಿರಲಿಲ್ಲ.

"ಸರಿ ಕಣಮ್ಮ. ಸರ್ಕಾರ ಇಲ್ಲೊಂದು ಗಟ್ಟಿ ಸೇತುವೆ ಕಟ್ಟಿದ್ರೆ? ಆಗ ಆ ಪಂಚಾಯ್ತಿಗೆ ಹೋಗ್ತೀರಾ?"

ಆ ಊರು ಸೇತುವೆ ಕೇಳುತ್ತಿರುವುದು ಮೆಂಬರಕ್ಕ ಮದುವೆಯಾಗಿ ಬರುವುದಕ್ಕೂ ಮುಂಚಿನಿಂದ. ಬೇಡ ಅಂದರೆ ಸೇತುವೆ ಹೋಯಿತು. ಬೇಕು ಅಂದರೆ ಪಂಚಾಯ್ತಿ ಹೋಯಿತು. ನಾನು ಮೇಡಂ ಕಿವಿಯಲ್ಲಿ ಹೇಳಿದೆ.

"ಮೊದ್ಲು ಸೇತ್ವೆ ಕಟ್ಟಿ ಸಾರ್" ಅಂದಳು ಮೆಂಬರಕ್ಕ. "ಒಂದು ಮಳೆಗಾಲ ನಿಲ್ತದಾ ನೋಡಾಣ. ಆಮ್ಯಾಲೆ ಗೆರೆ ಎಳೀರಿ."

ಸಾಹೇಬರು ಬರೆದುಕೊಂಡರು. ಜೀಪ್ ಹತ್ತುವ ಮುಂಚೆ ನನ್ನ ಹತ್ತಿರ ಬಂದು, "ನಿಮ್ಮ ಅನುವಾದ ಸ್ವಲ್ಪ ಧಾರಾಳ" ಅಂದರು. ಹೌದು ಸರ್ ಅಂದೆ. ಇನ್ನೇನು ಅನ್ನಲಿ?

ಮೇಡಂ ವಾಪಸ್ ಹೋದರು. ಪಂಚಾಯ್ತಿಗಳ ಅಂತಿಮ ಪಟ್ಟಿ ಬರುವವರೆಗೆ ನಾನು ಯಾವ ಕಥೆಯನ್ನೂ ಬರೆಯಲಿಲ್ಲ, ನಿಮ್ಮಲ್ಲಿ ಕೆಲವರು ಆರೋಗ್ಯ ಸರಿಯಿಲ್ಲವಾ ಅಂತ ಕೇಳಿದಿರಿ. ಆರೋಗ್ಯ ಸರಿಯಿತ್ತು, ಮನಸ್ಸು ಮಾತ್ರ ಆ ಹಳ್ಳದ ದಡ ಬಿಟ್ಟು ಬರಲಿಲ್ಲ. ಕೊನೆಗೆ ಪಟ್ಟಿ ಬಂತು. ಬೆಳ್ಳಿಗುಡ್ಡ ಹಳೆಯ ಪಂಚಾಯ್ತಿಯಲ್ಲೇ ಉಳಿದಿತ್ತು. ಜೊತೆಗೆ ಆದೇಶದಲ್ಲಿ ಒಂದು ಸಾಲು: ಹಳ್ಳಕ್ಕೆ ಶಾಶ್ವತ ಸೇತುವೆ ಆಗುವವರೆಗೆ.

ನಾನು ಓದಿ ಖುಷಿಯಲ್ಲಿ ಕುಣಿದೆ. ಆಮೇಲೆ ಆ ಸಾಲಿನ ಅರ್ಥ ತಲೆಗೆ ಹೋಯಿತು. ಇನ್ನು ಅವರು ಸೇತುವೆ ಕೇಳಿದರೆ, ಪಂಚಾಯ್ತಿ ಬಿಟ್ಟುಕೊಡುತ್ತೇವೆ ಅಂತ ತಾವೇ ಅರ್ಜಿ ಕೊಟ್ಟ ಹಾಗೆ. ಗೆದ್ದದ್ದು ಅಂತ ಹೇಳುವುದಾ ಬೇಡವಾ ಗೊತ್ತಾಗದೆ ಒಂದಷ್ಟು ದಿನ ಬೆಳ್ಳಿಗುಡ್ಡಕ್ಕೆ ಫೋನ್ ಮಾಡಲಿಲ್ಲ.

ಮುಂದಿನ ಗ್ರಾಮಸಭೆ ಮುಗಿದ ದಿನ ಮೆಂಬರಕ್ಕನೇ ಮಾಡಿದಳು. ಹಿಂದೆ ಜೀಪಿನ ಸದ್ದು, ಜನರ ಗಲಾಟೆ.

"ಅಕ್ಕಾ, ಸೇತ್ವೆ ಬೇಕು ಅಂತ ಬರ್ಸಿ ಬಂದೆ."

"ಏನು? ಊರಿನೋರು ಒಪ್ಪಿದ್ರಾ?"

"ಅರ್ಧ ಜನ ನನ್ ಜೊತೆ ಮಾತ್ ಬಿಟ್ಟವ್ರೆ. ಬುಡ್ಲಿ. ಊರು ಆಚೆ ಪಂಚಾಯ್ತಿಗೆ ಹೋಗದಾದ್ರೆ ಹೋಗ್ಲಿ ಕಣಕ್ಕ, ದಾಟ್ಕಂಡಾದ್ರೂ ಹೋಗ್ಬೋದಲ್ಲ."